ಸೋತ ಕಥೆ ಕೇಳುತ್ತಿದ್ದ ಚಿಕ್ಕಬೋರಮ್ಮ

ಚಿಕ್ಕಬೋರಮ್ಮ ಯಾರನ್ನಾದರೂ ಒಂದು ಪ್ರಶ್ನೆ ಕೇಳಿದಳೆಂದರೆ, ಉತ್ತರ ಬರುವ ಮೊದಲೇ ಕಣ್ಣು ಮುಚ್ಚಿಕೊಂಡುಬಿಡುತ್ತಿದ್ದಳು. ನಿದ್ದೆಯಲ್ಲ, ಧ್ಯಾನವಂತೂ ಅಲ್ಲವೇ ಅಲ್ಲ. ಮನುಷ್ಯನ ಮುಖ ಮಹಾ ಮೋಸಗಾರ, ಹಲ್ಲು ಕಿರಿದು ಹುಬ್ಬು ಹಾರಿಸಿ ಎಂಥ ಸುಳ್ಳಿಗೂ ಬಣ್ಣ ಬಳಿಯುತ್ತದೆ, ದನಿಗೆ ಅಷ್ಟು ಜಾಣತನವಿಲ್ಲ ಎಂಬುದು ಆಕೆಯ ಸಿದ್ಧಾಂತ. ಸಂತೆಬಾಚಹಳ್ಳಿಗೆ ಎರಡು ಮೈಲಿ ದೂರದ ನಮ್ಮೂರಲ್ಲಿ ಆಕೆಯ ಮುಚ್ಚಿದ ಕಣ್ಣಿನ ಮುಂದೆ ನಿಂತು ಬೆವರದ ಗಂಡಸರಿರಲಿಲ್ಲ. ಒಮ್ಮೆ ಹಾಲಿನ ಡೈರಿಯ ಜಗುಲಿಯ ಮೇಲೆ ನಾನೂ ಬೆವರಿದ್ದೇನೆ, ಅದೂ ಚಳಿಗಾಲದ ಬೆಳಿಗ್ಗೆ.

ಸಣ್ಣ ಜೀವ. ತೀರಿಹೋದ ಗಂಡನ ಕಂದು ಬಣ್ಣದ ಉಣ್ಣೆಯ ಕೋಟನ್ನು ಸೀರೆಯ ಮೇಲೆ ತೊಟ್ಟು, ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಹೊಲ ಅಳೆಯಲು ಬಂದ ಶಾನುಭೋಗರ ಗತ್ತಿನಲ್ಲಿ ಹೆಜ್ಜೆ ಇಡುತ್ತಿದ್ದಳು. ಎದುರಿಗಿದ್ದವರು ತಮ್ಮ ಹೆಚ್ಚುಗಾರಿಕೆ ಶುರುಮಾಡಿದರೆ ಸಾಕು, ‘ಅದಿರ್ಲಿ’ ಎಂಬ ಒಂದೇ ಮಾತಿನಿಂದ ಅವರ ರಥಕ್ಕೆ ಅಡ್ಡಗಲ್ಲು ಹಾಕುತ್ತಿದ್ದಳು. ಸಂತೆಯಲ್ಲಿ ಎಮ್ಮೆ ಕೊಳ್ಳುವಾಗ ಎಲ್ಲರೂ ಹಲ್ಲು ನೋಡಿ, ಕೆಚ್ಚಲು ಮುಟ್ಟಿ, ಎಷ್ಟು ಸೇರು ಕರೆಯುತ್ತದೆಂದು ವಿಚಾರಿಸಿದರೆ, ಈಕೆ ಕೇಳುತ್ತಿದ್ದದ್ದು ಇದರ ಕೆಟ್ಟ ಬುದ್ಧಿ ಯಾವುದು ಎಂದು. ಯಾವುದೂ ಇಲ್ಲ, ಅಪ್ಪಟ ಬಂಗಾರ ಎಂದವನ ಎಮ್ಮೆಯ ಕಡೆಗೆ ಮತ್ತೆ ತಿರುಗಿಯೂ ನೋಡುತ್ತಿರಲಿಲ್ಲ. ಎಡಗಡೆ ಕೂತರೆ ಒದೆಯುತ್ತದೆ ಎಂದು ತಲೆ ಕೆರೆದುಕೊಂಡವನ ಎಮ್ಮೆ ಆಕೆಯ ಕೊಟ್ಟಿಗೆ ಸೇರುತ್ತಿತ್ತು, ಬಲಗಡೆಯಿಂದ ಧಾರಾಳವಾಗಿ ಹಾಲು ಕೊಡುತ್ತಿತ್ತು. ಮಗಳು ಪವಿತ್ರಳನ್ನು ನೋಡಲು ಪಾಂಡವಪುರದಿಂದ ಬಂದ ಹುಡುಗನಿಗೂ ಇದೇ ಪರೀಕ್ಷೆ. ಸಂಬಳ, ಜಮೀನು ಎಲ್ಲವನ್ನೂ ‘ಅದಿರ್ಲಿ’ ಎಂದು ಬದಿಗೆ ಸರಿಸಿ, ನಿನಗೆ ಸಿಟ್ಟು ಯಾವುದಕ್ಕೆ ಬರುತ್ತದೆಂದು ಕೇಳಿದಳು. ಆ ಶಿವಶಂಕರ ಪಾಪ, ಸಾರಿಗೆ ಉಪ್ಪು ಕಡಿಮೆಯಾದರೆ ಎಂದುಬಿಟ್ಟ. ಮದುವೆ ಅಲ್ಲೇ ನಿಶ್ಚಯವಾಯಿತು.

ಇಂಥವಳ ಪರೀಕ್ಷಕ ಬುದ್ಧಿಗೇ ಪರೀಕ್ಷೆ ಒದಗಿದ್ದು ತೊಂಬತ್ತಮೂರನೇ ಇಸವಿಯಲ್ಲಿ, ಪವಿತ್ರ ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಾಗ. ಹುಡುಗಿ ತಾಯಿಯಂತೆಯೇ ಸಣ್ಣ ಮೈಕಟ್ಟಿನವಳು. ಗಂಡನ ಅಕ್ಕನಿಗೆ ಹಿಂದಿನ ವರ್ಷ ಹೊಟ್ಟೆ ಕೊಯ್ದು ಮಗು ತೆಗೆದಿದ್ದರು, ಆಕೆ ಆರು ತಿಂಗಳಾದರೂ ಬಿಂದಿಗೆ ಎತ್ತಲಾರದೆ ನರಳಿದ್ದನ್ನು ಪವಿತ್ರ ಕಣ್ಣಾರೆ ಕಂಡಿದ್ದಳು. ಬಂದ ದಿನವೇ ತಾಯಿಯ ಮುಂದೆ ಕೂತು, ‘ನಾನೇ ನೋವು ತಿಂದು ಎರ್ತೀನಿ ಕಣವ್ವ, ಕುಯ್ಸ್ಕಳಕೆ ನಂಗಾಗಕಿಲ್ಲ’ ಎಂದು ಅತ್ತಳು. ತಾಯಿ ಆಗಲಿ ಎನ್ನಲಿಲ್ಲ, ಬೇಡವೆನ್ನಲೂ ಇಲ್ಲ. ಕೋಟಿನ ಜೇಬಿನಲ್ಲಿ ಕೈಯಿಟ್ಟುಕೊಂಡು ಹಿತ್ತಿಲಿಗೆ ಹೋಗಿ ಬಹಳ ಹೊತ್ತು ನಿಂತಿದ್ದಳು.

ಅವಳ ಮೌನಕ್ಕೆ ಕಾರಣವಿತ್ತು, ಮಗಳಿಗೆ ಅದು ತಿಳಿಯದು. ಪವಿತ್ರಳಿಗಿಂತ ಮೊದಲು ಆ ಮನೆಯಲ್ಲಿ ಒಂದು ಗಂಡುಕೂಸು ಹುಟ್ಟಿತ್ತು. ಎರಡು ಹಗಲು ನೋವು ತಿಂದಳು ಚಿಕ್ಕಬೋರಮ್ಮ. ಊರ ಸೂಲಗಿತ್ತಿ ದ್ಯಾವಮ್ಮ ಇನ್ನೇನು ಬಂತು, ಇನ್ನೇನು ಬಂತು ಎನ್ನುತ್ತಲೇ ಇದ್ದಳು, ಆಸ್ಪತ್ರೆಗೆ ಗಾಡಿ ಕಟ್ಟುವ ಮಾತೆತ್ತಿದವರ ಬಾಯಿ ಮುಚ್ಚಿಸಿದಳು. ಕೂಸು ಉಸಿರಿಲ್ಲದೆ ಬಂತು. ದ್ಯಾವಮ್ಮ ಕೆಟ್ಟವಳಲ್ಲ. ಅರ್ಧ ಊರನ್ನು ಭೂಮಿಗೆ ತಂದ ಕೈ ಅದು, ಪವಿತ್ರಳನ್ನೂ ತಂದದ್ದು ಅದೇ ಕೈ. ಆದ್ದರಿಂದ ಚಿಕ್ಕಬೋರಮ್ಮ ಆ ಮಾತನ್ನು ಇಪ್ಪತ್ತೈದು ವರ್ಷ ನುಂಗಿಕೊಂಡೇ ಇದ್ದಳು. ಕೊಯ್ಯಿಸಿದರೆ ಮಗಳ ಆಸೆ ಸಾಯುತ್ತದೆ, ಕಾದರೆ ತನ್ನ ಪಾಡೇ ಅವಳಿಗೂ ಬಂದರೇನು ಗತಿ ಎಂಬ ಭಯ. ಆ ಭಯದಿಂದಲೇ ಆಕೆಯ ಪ್ರಶ್ನೆ ಹುಟ್ಟಿತು.

ಮೊದಲು ಹೋದದ್ದು ಕೃಷ್ಣರಾಜಪೇಟೆಗೆ, ನಮ್ಮವರ ಬಾಯಲ್ಲಿ ಬರೀ ಪೇಟೆ. ಅಲ್ಲೊಂದು ನರ್ಸಿಂಗ್ ಹೋಮಿನ ವೈದ್ಯರು ಒಳ್ಳೆಯವರೇ, ಆದರೆ ಬಾಗಿಲಾಚೆ ನಲವತ್ತು ಜನ ಕಾಯುತ್ತಿದ್ದರು. ಹುಡುಗಿಯ ಎತ್ತರ ನೋಡಿ, ಯಾಕೆ ಕಷ್ಟಪಡುತ್ತೀರಿ, ಒಂದು ಶುಕ್ರವಾರ ಗೊತ್ತುಮಾಡಿ ಮುಗಿಸಿಬಿಡೋಣ ಎಂದರು. ಚಿಕ್ಕಬೋರಮ್ಮ, ‘ಅದಿರ್ಲಿ ಸೋಮಿ, ನಿಮ್ಮ ಕೈಲಿ ಎರಿಗೆ ಕೆಟ್ಟೋದಾಗ ಏನ್ ಮಾಡಿದ್ರಿ?’ ಎಂದು ಕೇಳಿ ಕಣ್ಣು ಮುಚ್ಚಿದಳು. ಅಂಥದ್ದು ಇಲ್ಲಿ ಆಗುವುದಿಲ್ಲ ತಾಯಿ ಎಂದು ಅವರು ನಕ್ಕು ಗಂಟೆ ಒತ್ತಿದರು. ಕಣ್ಣು ತೆರೆಯುವಷ್ಟರಲ್ಲಿ ಮುಂದಿನ ಬಸುರಿ ಕುರ್ಚಿಯಲ್ಲಿ ಕೂತಿದ್ದಳು.

ಈ ಸುದ್ದಿ ಬಸ್ಸಿಗಿಂತ ಮುಂಚೆ ಊರು ಸೇರಿತು. ನಮ್ಮ ಕಡೆ ಬಸುರಿಯ ಎದುರು ಕೆಟ್ಟುಹೋದ ಹೆರಿಗೆಯ ಮಾತೆತ್ತಬಾರದು, ಬಾಯಿ ತಪ್ಪಿ ಬಂದರೂ ಒಡನೆ ‘ಬಿಡ್ತು’ ಎನ್ನಬೇಕು. ಈ ಹೆಂಗಸೋ ಮಗಳನ್ನು ಪಕ್ಕದಲ್ಲೇ ಕೂರಿಸಿಕೊಂಡು ಅದನ್ನೇ ಕೇಳಿಕೊಂಡು ತಿರುಗುತ್ತಿದ್ದಾಳೆ. ನಲ್ಲಿಯ ಹತ್ತಿರ ನೆರೆಮನೆಯ ಬೈರಮ್ಮ ತಡೆದು ನಿಲ್ಲಿಸಿ, ಬುಡ್ತು ಅನ್ನೇ ಬೋರವ್ವ ಎಂದು ಗದರಿಸಿದಳು. ಚಿಕ್ಕಬೋರಮ್ಮ ಬಿಡ್ತು ಎಂದಳು, ಬಿಡಲಿಲ್ಲ.

ದ್ಯಾವಮ್ಮನ ಮನೆಗೆ ಹೋಗುವಾಗ ಕೋಟಿನ ಜೇಬಿನಲ್ಲಿ ವೀಳ್ಯದೆಲೆ ಅಡಿಕೆ ಇಟ್ಟುಕೊಂಡಿದ್ದಳು. ವೀಳ್ಯ ಕೈ ಸೇರಿತೆಂದರೆ ಹೆರಿಗೆಯೂ ಆ ಕೈ ಸೇರಿತೆಂದೇ ಅರ್ಥ, ಆಮೇಲೆ ಬೇರೊಬ್ಬರನ್ನು ಕರೆಯುವಂತಿಲ್ಲ. ಅದೇ ಪ್ರಶ್ನೆ ಕೇಳಿ ಕಣ್ಣು ಮುಚ್ಚಿಕೊಂಡಳು. ಎಪ್ಪತ್ತು ದಾಟಿದ ಮುದುಕಿ ಬೆನ್ನು ನೆಟ್ಟಗೆ ಮಾಡಿ, ‘ನನ್ನ ಕೈಲಿ ಒಂದೂ ಕೆಟ್ಟಿಲ್ಲ ಕಣೆ ಬೋರಿ’ ಎಂದಳು. ಚಿಕ್ಕಬೋರಮ್ಮನ ಕಣ್ಣು ಬೇಗ ತೆರೆಯಲಿಲ್ಲ. ತೆರೆದಾಗ ಒದ್ದೆಯಾಗಿತ್ತು ಎಂದು ಪವಿತ್ರ ಆಮೇಲೆ ಹೇಳಿದಳು. ವೀಳ್ಯ ಜೇಬಿನಲ್ಲೇ ಉಳಿದು ಬಾಡಿತು.

ಕೊನೆಗೆ ಉಳಿದವಳು ಹೋಬಳಿಯ ಉಪಕೇಂದ್ರದ ನರ್ಸು ಜೀನತ್. ಗಂಜಾಂನ ಹುಡುಗಿ, ಮೂವತ್ತೂ ತುಂಬಿರಲಿಲ್ಲ, ಬಂದು ಒಂದು ವರ್ಷವಾಗಿತ್ತಷ್ಟೆ. ಮೊದಲು ಪವಿತ್ರಳನ್ನು ಮಲಗಿಸಿ, ಹೊಟ್ಟೆಯನ್ನು ಅಂಗೈಯಿಂದ ನಿಧಾನವಾಗಿ ತಡವಿ, ಕೊಳವೆಯಿಟ್ಟು ಕೂಸಿನ ಎದೆಬಡಿತ ಕೇಳಿ, ತಾಯಿಗೂ ಕೇಳಿಸಿದಳು. ತಲೆ ಕೆಳಗಿದೆ, ದಾರಿ ಸಾಕಷ್ಟಿದೆ, ಸಹಜವಾಗಿ ಆಗಬಹುದು, ಆಗುತ್ತದೆಂದು ಆಣೆ ಮಾತ್ರ ಇಡಲಾರೆ ಎಂದಳು. ಚಿಕ್ಕಬೋರಮ್ಮ ಅದೇ ಪ್ರಶ್ನೆ ಕೇಳಿ ಕಣ್ಣು ಮುಚ್ಚಿದಳು. ಜೀನತ್ ನಗಲಿಲ್ಲ, ಕೋಪಿಸಿಕೊಳ್ಳಲೂ ಇಲ್ಲ. ಕೈ ತೊಳೆದುಕೊಂಡು ಬಂದು ಎದುರಿಗೆ ಕೂತಳು.

‘ಒಂದು ಸಲ ಆಯ್ತಮ್ಮ, ನಾಗಮಂಗಲದ ಕಡೆ ಇದ್ದಾಗ. ರಕ್ತ ನಿಲ್ತದೆ ಅಂತ ಅರ್ಧ ಗಂಟೆ ಕಾದೆ. ಗಲತಿ ನಂದೇ, ತಪ್ಪು ನಂದೇ. ಆಯಮ್ಮ ಬದುಕಿಕೊಂಡ್ರು, ಖುದಾ ದೊಡ್ಡವನು. ಅವತ್ತಿಂದ ಕಾಯೋದು ಬಿಟ್ಟೆ.’

ಕಣ್ಣು ತೆರೆಯಿತು. ಆಗ ಜೀನತ್ ತನ್ನದೂ ಒಂದು ಷರತ್ತು ಹಾಕಿದಳು. ನೋವು ಶುರುವಾದಾಗಿನಿಂದ ಬಾಗಿಲಲ್ಲಿ ವಾಹನ ನಿಂತಿರಬೇಕು, ತಾನು ಏಳಿ ಎಂದರೆ ಏಳಬೇಕು, ಯಾಕೆ ಎಂದು ಯಾರೂ ಕೇಳಬಾರದು. ಜೀವಮಾನವೆಲ್ಲ ಕೇಳಿಕೊಂಡೇ ಬದುಕಿದವಳಿಗೆ ಇದೊಂದು ದೊಡ್ಡ ಶಿಕ್ಷೆ. ಆದರೂ ಸಂತೆಯ ಮಗ್ಗುಲಿಗೆ ಹೋಗಿ ಹೊಸ ವೀಳ್ಯದೆಲೆ ತಂದು ಜೀನತ್ ಕೈಗಿಟ್ಟಳು. ಆ ಹುಡುಗಿ ಸಂತೋಷದಿಂದ ಅಲ್ಲೇ ಒಂದೆಲೆ ಮಡಿಸಿ ಬಾಯಿಗಿಟ್ಟುಕೊಂಡಳು.

ಕಾರ್ತಿಕದ ಒಂದು ಬೆಳಿಗ್ಗೆ ನೋವು ಬಂತು. ನಮ್ಮೂರ ಕುಳ್ಳಯ್ಯನ ಟೆಂಪೋ ಬಾಗಿಲಲ್ಲಿ ನಿಂತಿತು, ಒಂಬತ್ತರ ಬಸ್ಸಿಗೆ ಜೀನತ್ ಬಂದಳು. ಕರೆಯದಿದ್ದರೂ ದ್ಯಾವಮ್ಮ ಬಂದು ಜಗುಲಿಯ ಮೇಲೆ ಕೂತಳು. ಪವಿತ್ರ ನಡೆದಳು, ಕೂತಳು, ಅವ್ವನ ಕೊರಳಿಗೆ ಜೋತುಬಿದ್ದಳು. ಮಧ್ಯಾಹ್ನದವರೆಗೆ ಎಲ್ಲ ಸರಿಯಾಗಿಯೇ ಇತ್ತು. ಆಮೇಲೆ ನೋವು ಇಳಿಯಿತು, ನೀರು ಒಡೆಯಿತು. ಜೀನತ್ ಬಟ್ಟೆಯ ಬಣ್ಣ ನೋಡಿದಳು, ಕೊಳವೆಯಿಟ್ಟು ಎದೆಬಡಿತ ಕೇಳಿದಳು, ಏಳಿ ಎಂದಳು.

ಚಿಕ್ಕಬೋರಮ್ಮನ ಬಾಯಿ ತೆರೆಯಿತು. ಯಾಕೆ ಎಂಬ ಮಾತು ನಾಲಿಗೆಯ ತುದಿಯಲ್ಲಿ ನಿಂತದ್ದು ಅಲ್ಲಿದ್ದ ಎಲ್ಲರಿಗೂ ಕಂಡಿತು. ಆಕೆ ಅದನ್ನು ನುಂಗಿ ಮಗಳ ರಟ್ಟೆ ಹಿಡಿದಳು. ಆದರೆ ನೆರೆದ ಹೆಂಗಸರು ಬಿಡಬೇಕಲ್ಲ. ಇಷ್ಟು ಹೊತ್ತು ಕಾದಿದ್ದೀರಿ, ಇನ್ನೊಂದು ಗಳಿಗೆ ತಡೆಯಿರಿ, ಟೆಂಪೋ ಕುಲುಕಾಟಕ್ಕೆ ದಾರಿಯಲ್ಲೇ ಏನಾದರೂ ಆದೀತು ಎಂದು ಬಾಗಿಲಿಗೆ ಅಡ್ಡ ನಿಂತು, ನೀನಾದರೂ ಹೇಳು ಎಂಬಂತೆ ಎಲ್ಲರೂ ದ್ಯಾವಮ್ಮನ ಮುಖ ನೋಡಿದರು. ಮುದುಕಿ ಗೋಡೆ ಹಿಡಿದು ಎದ್ದಳು.

‘ದಾರಿ ಬುಡ್ರವ್ವ,’ ಎಂದಳು. ಆಮೇಲೆ ಚಿಕ್ಕಬೋರಮ್ಮನ ಕಡೆ ತಿರುಗಿ, ‘ಅವತ್ತು ನಾನು ಇಂಗೆ ಎದ್ದೇಳು ಅಂದಿದ್ರೆ ನಿನ್ನ ಮೊದಲ್ನೇ ಕೂಸು ಉಳೀತಿತ್ತು ಕಣೆ ಬೋರಿ. ನನ್ನ ಸೊಕ್ಕು, ಅನ್ನಕಾಗ್ನಿಲ್ಲ.’

ಪವಿತ್ರ ನೋವನ್ನೂ ಮರೆತು ತಾಯಿಯ ಮುಖ ನೋಡಿದಳು. ಚಿಕ್ಕಬೋರಮ್ಮ ಒಂದು ಕ್ಷಣ ಕಣ್ಣು ಮುಚ್ಚಿ ನಿಂತಳು. ಪ್ರಶ್ನೆ ಕೇಳಿ ಎರಡು ತಿಂಗಳಾದ ಮೇಲೆ ಉತ್ತರ ಬಂದಿತ್ತು. ‘ಅದಿರ್ಲಿ ಅಕ್ಕ, ನೀನೂ ಅತ್ತು ಗಾಡೀನ,’ ಎಂದಳು. ಟೆಂಪೋದ ಹಿಂದುಗಡೆ, ಹಾಸಿದ ಹುಲ್ಲಿನ ಮೇಲೆ, ಹದಿನೈದು ಮೈಲಿಯುದ್ದಕ್ಕೂ ಆ ಮುದುಕಿ ಹುಡುಗಿಯ ಸೊಂಟವನ್ನು ತನ್ನೆರಡು ಅಂಗೈಗಳಿಂದ ಒತ್ತಿ ಹಿಡಿದಿದ್ದಳು. ಪಕ್ಕದಲ್ಲಿ ಕೂತ ಜೀನತ್ ಕೊಳವೆಯನ್ನು ಹೊಟ್ಟೆಯಿಂದ ತೆಗೆಯಲಿಲ್ಲ.

ಪೇಟೆಯ ಸರ್ಕಾರಿ ಆಸ್ಪತ್ರೆಯಲ್ಲಿ ಡ್ರಿಪ್ಪು ಹಾಕಿದರು, ನೋವು ಮತ್ತೆ ಏರಿತು. ಕತ್ತರಿ ಕಾಣಿಸದೆ, ಪವಿತ್ರ ಹಠ ಹಿಡಿದಂತೆಯೇ ತಾನೇ ನೋವು ತಿಂದು, ಸಂಜೆ ಐದಕ್ಕೆ ಹೆಣ್ಣುಮಗು ಹೆತ್ತಳು. ಕೂಸು ಮೊದಲು ಅಳಲಿಲ್ಲ. ಸಿದ್ಧವಾಗಿ ನಿಂತಿದ್ದ ಡಾಕ್ಟರಮ್ಮ ನಳಿಗೆಯಿಂದ ಬಾಯಿ ಮೂಗು ಹೀರಿ ಸ್ವಚ್ಛ ಮಾಡಿದ ಮೇಲೆ ಇಡೀ ವಾರ್ಡು ಕೇಳುವಂತೆ ಅತ್ತಿತು. ಕೂಸು ಒಳಗೇ ಮಲ ಬಿಟ್ಟು ನೀರು ಹಸಿರಾಗಿತ್ತು, ಮನೆಯಲ್ಲೇ ಇದ್ದಿದ್ದರೆ ಈ ಕೂಸು ದಕ್ಕುತ್ತಿರಲಿಲ್ಲ ಎಂದು ಅವರು ಹೇಳಿದಾಗ ಚಿಕ್ಕಬೋರಮ್ಮ ಕಾರಿಡಾರಿನ ನೆಲದ ಮೇಲೆ ಕೂತು, ಕೋಟಿನ ತೋಳನ್ನು ಬಾಯಿಗೊತ್ತಿಕೊಂಡು, ಇಪ್ಪತ್ತೈದು ವರ್ಷದ್ದನ್ನೂ ಸೇರಿಸಿ ಅತ್ತುಬಿಟ್ಟಳು. ಐದನೇ ದಿನ ಮನೆಗೆ ಬಂದ ಕೂಸಿಗೆ ನೀರು ಹಾಕಲು ಕರೆಸಿದ್ದು ದ್ಯಾವಮ್ಮನನ್ನೇ. ಒಲೆಯ ಮುಂದೆ ಕಾಲು ಚಾಚಿ, ಮೊಣಕಾಲ ಮೇಲೆ ಕೂಸನ್ನು ಮಲಗಿಸಿಕೊಂಡು, ಮುದುಕಿ ಬಹಳ ಹೊತ್ತು ಎಣ್ಣೆ ತಿಕ್ಕುತ್ತಲೇ ಇದ್ದಳು.

ಊರಿಗೊಬ್ಬರಾದರೂ ಇಂಥವರು ಇರುತ್ತಾರೆ. ಶುಭ ನುಡಿಯಬೇಕಾದ ಕಡೆ ಅಶುಭ ಕೇಳುತ್ತಾರೆಂದು ಜನ ಅವರನ್ನು ಮಂಗಳಕಾರ್ಯಗಳಿಗೆ ಅಳುಕಿನಿಂದಲೇ ಕರೆಯುತ್ತಾರೆ. ನಾವು ಗೆದ್ದವರ ಬೆನ್ನು ಹತ್ತುತ್ತೇವೆ, ಅವರು ಸೋತದ್ದನ್ನು ಒಪ್ಪಿಕೊಂಡವರನ್ನು ಹುಡುಕಿ ಹೋಗಿ ಮಕ್ಕಳನ್ನು ಅಂಥವರ ಮಡಿಲಿಗೆ ಹಾಕುತ್ತಾರೆ. ಅವರದು ಅಪನಂಬಿಕೆಯೆಂದು ನಾನೂ ಬಹುಕಾಲ ತಿಳಿದಿದ್ದೆ. ಅಲ್ಲ, ತಪ್ಪು ಮಾಡಿದವರು ಅದನ್ನು ಒಂದು ದಿನ ಹೇಳಿಯೇ ಹೇಳುತ್ತಾರೆಂದು ಇಷ್ಟು ದೀರ್ಘಕಾಲ ಕಾಯಬಲ್ಲವರಿಗೆ ಮನುಷ್ಯರ ಮೇಲೆ ಇರುವ ನಂಬಿಕೆ, ನಮ್ಮಂಥ ಹೊಗಳುಭಟರಿಗೆ ಎಂದೂ ದಕ್ಕುವುದಿಲ್ಲ.