ಆನೆಯ ಎದುರು ಇಂಗ್ಲಿಷ್

ತೆಪ್ಪಕಾಡಿನ ಕೆಂಪ ಇಪ್ಪತ್ತೆರಡು ವರ್ಷ ಕಾಡು ಕಾದವನು, ಆದರೂ ದಿನಗೂಲಿಯವನೇ. ಪ್ರವಾಸಿಗರನ್ನು ಕರೆದೊಯ್ಯುವ ಗೈಡ್ ಕೆಲಸ ಖಾಯಮ್ಮಾಗಿ ಸಿಗಬೇಕಾದರೆ ಫೋನಿನೊಳಗಿನ ಇಂಗ್ಲಿಷ್ ಪರೀಕ್ಷೆಯಲ್ಲಿ ನೂರಕ್ಕೆ ಐವತ್ತು ಬರಬೇಕಿತ್ತು. ಇದ್ದದ್ದು ಎರಡೇ ಅವಕಾಶ.

ಕಲಿಸಿದವಳು ಅಕ್ಕನ ಮಗಳು ದೀಪಾ, ಗೂಡಲೂರಿನಲ್ಲಿ ಓದಿದವಳು. ಎರಡು ತಿಂಗಳು ಕೆಂಪ ಫೋನನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು, ಅದು ನುಡಿದದ್ದನ್ನೇ ನುಡಿಯುತ್ತ ತಿರುಗಿದ.

“ನಾನು ಹೇಳಿದ್ದಕ್ಕೆ ಒಂದು ದಿನ ಹೂಂ ಅಂದವನಲ್ಲ. ಆ ಫೋನಿನೋಳು ಏನು ಕೇಳಿದ್ರೂ ಎಸ್, ಎಸ್ ಅಂತಾನೆ,” ಎಂದು ಹೆಂಡತಿ ಮಲ್ಲಿ ನೆರೆಯವರನ್ನು ನಗಿಸುತ್ತಿದ್ದಳು.

ಪರೀಕ್ಷೆ ಅರಣ್ಯ ಕಚೇರಿಯ ಜಗಲಿಯಲ್ಲಿ; ದೀಪಾಳೂ ಜೊತೆಗೆ ಬಂದಿದ್ದಳು. ಹೆಸರು, ಊರು, ಹಕ್ಕಿಗಳು ಎಲ್ಲಕ್ಕೂ ಕೆಂಪ ಸಲೀಸಾಗಿ ಉತ್ತರಿಸಿದ. ಕೊನೆಯ ಪ್ರಶ್ನೆಗೇ ಹೆಚ್ಚು ಅಂಕ: ದಾರಿಯ ತಿರುವಿನಲ್ಲಿ ಆನೆ ನಿಂತಿದೆ, ಅತಿಥಿಗಳಿಗೆ ಏನು ಹೇಳುವಿರಿ?

ಕೆಂಪ ಮೆಲ್ಲನೆ ಎದ್ದ. ಕೈ ಎತ್ತಿ ನಿಂತ. ಚಿಟಿಕೆ ಮಣ್ಣು ಉದುರಿಸಿ ಗಾಳಿ ಯಾವ ಕಡೆಯದೆಂದು ನೋಡಿದ. ಬೆನ್ನ ಹಿಂದೆ ಅತಿಥಿಗಳು ಇದ್ದಾರೆಂಬಂತೆ ತೋಳು ಚಾಚಿ ತಡೆಯುತ್ತ ಒಂದೊಂದೇ ಹೆಜ್ಜೆ ಹಿಂದೆ ಸರಿದ. ದೀಪಾಳೂ ತನಗರಿವಿಲ್ಲದೆ ಗೋಡೆಯವರೆಗೆ ಸರಿದಿದ್ದಳು.

ಉತ್ತರ ಕೇಳಿಸಲಿಲ್ಲ ಎಂದಿತು ಫೋನು. ಮೂವತ್ತೆಂಟು ಅಂಕ.

“ಮಾವ, ಬಾಯಿ ಬಿಡಬಾರದಿತ್ತಾ?”

“ಆನೆ ಮುಂದೆಯಾ?”

“ಇಲ್ಲೆಲ್ಲಿದೆ ಆನೆ?”

“ತಿರುವಿನಲ್ಲಿ ಅಂತ ಅದೇ ಹೇಳ್ತಲ್ಲ.”

“ಅದಕ್ಕೆ ಕೈ ಸನ್ನೆ ಕಾಣಲ್ಲ ಮಾವ. ಇರೋದು ಕಿವಿ ಮಾತ್ರ.”

“ಹಂಗಾದ್ರೆ ಅದನ್ನ ಕಾಡಿಗೆ ಕರ್ಕೊಂಡು ಹೋಗೋ ಹಂಗಿಲ್ಲ.”

ಮನೆಯಲ್ಲಿ ಮಲ್ಲಿಯೂ ಅದನ್ನೇ ಹಿಡಿದುಕೊಂಡಳು. “ಜಗಲಿ ಮೇಲೆ ನಾಲ್ಕು ಮಾತಾಡಿದ್ರೆ ಯಾವ ಆನೆ ಬಂದು ತುಳೀತಿತ್ತು?”

“ಇಲ್ಲಿ ಆಡಿ ರೂಢಿಯಾದ್ರೆ ಅಲ್ಲೂ ಬಾಯಿಗೆ ಬರುತ್ತೆ,” ಎಂದ ಕೆಂಪ. ಆದರೂ ಆ ವಾರವೆಲ್ಲ ಅವನು ಸರಿಯಾಗಿ ಉಣ್ಣಲಿಲ್ಲ. ಇನ್ನೊಮ್ಮೆ ತಪ್ಪಿದರೆ ಗೈಡ್ ಕೆಲಸ ಬೇರೆಯವರ ಪಾಲು.

ಎರಡನೆಯ ಸಲವೂ ಅದೇ ಆನೆ, ಅದೇ ತಿರುವು. ಕೆಂಪ ಅರ್ಧ ಎದ್ದವನು ಮತ್ತೆ ಕುಳಿತ. ಫೋನಿನ ಕಡೆ ಬಾಗಿ, ಮಕ್ಕಳಿಗೆ ಬುದ್ಧಿ ಹೇಳುವವನಂತೆ ನಿಧಾನವಾಗಿ ಹೇಳಿದ:

“ದೆನ್ ಐ ನಾಟ್ ಟೆಲ್. ಬಿಫೋರ್, ಗೇಟ್, ಐ ಟೆಲ್. ಮೈ ಹ್ಯಾಂಡ್ ಅಪ್, ಯುವರ್ ಮೌತ್ ಕ್ಲೋಸ್. ಬಿಗ್ ಆಫೀಸರ್ ಆಲ್ಸೋ ಕ್ಲೋಸ್. ಎಲಿಫೆಂಟ್ ಕಮಿಂಗ್, ನೋ ಇಂಗ್ಲಿಷ್.”

ಫೋನಿನ ಮೇಲೆ ಸಣ್ಣದೊಂದು ಚಕ್ರ ಬಹಳ ಹೊತ್ತು ತಿರುಗಿತು.

“ಐವತ್ತಮೂರು,” ಎಂದಳು ದೀಪಾ. “ಪಾಸು, ಮಾವ.”

“ಮಿಕ್ಕಿದ್ದು ಯಾಕೆ ಹೋಯ್ತು?”

“ನಿನ್ನ ಇಂಗ್ಲಿಷು ನೆಟ್ಟಗಿಲ್ಲವಂತೆ.”

ಕೆಂಪ ಚಪ್ಪಲಿ ಮೆಟ್ಟಿದ.

“ಇರಲಿ ಬಿಡು. ಹಂಗೆ ಅಂದೋರು ಇಲ್ಲಿಗೆ ಬಂದ್ರೆ ನನ್ನ ಹಿಂದೇನೇ ನಡೀಬೇಕಲ್ಲ.”