ಫೋನಿನ ಬೆನ್ನು

ನನ್ನ ಗಂಡ ಮನೆಗೆ ಬಂದವನು ಚಪ್ಪಲಿ ಬಿಡುವ ಮೊದಲೇ ನನ್ನ ಫೋನ್ ಎತ್ತಿ, ಅಂಗೈಯಿಂದ ಅದರ ಬೆನ್ನು ಮುಟ್ಟಿ ನೋಡುತ್ತಾನೆ. ಜ್ವರ ಬಂದ ಮಗುವಿನ ಹಣೆ ಮುಟ್ಟುವ ಹಾಗೆ ಎಂದುಕೊಳ್ಳಬೇಡಿ, ಅಷ್ಟು ಅಕ್ಕರೆ ಆ ಕೈಯಲ್ಲಿಲ್ಲ. ತಣ್ಣಗಿದ್ದರೆ ಊಟ, ಬಿಸಿಯಿದ್ದರೆ ವಿಚಾರಣೆ. ಎದುರಿಗೆ ನಾನು ಅವನನ್ನು ಬಹುವಚನದಲ್ಲೇ ಕರೆಯುತ್ತೇನೆ. ಇಲ್ಲಿ ಏಕವಚನ ಸಾಕು.

ಅವನ ಕೆಲಸ ಬಸ್ಸು ಹತ್ತಿ ಟಿಕೆಟ್ ತಪಾಸಣೆ ಮಾಡುವುದು. ಇಪ್ಪತ್ತು ವರ್ಷ ಅದನ್ನೇ ಮಾಡಿ ಮಾಡಿ, ಜಗತ್ತಿನಲ್ಲಿ ಇರುವುದು ಸಿಕ್ಕಿಬಿದ್ದವರು ಮತ್ತು ಇನ್ನೂ ಸಿಕ್ಕಿಬೀಳದವರು ಮಾತ್ರ ಎಂಬ ತೀರ್ಮಾನಕ್ಕೆ ಬಂದಿದ್ದಾನೆ. ಬೆನ್ನು ಮುಟ್ಟುವ ವಿದ್ಯೆ ಮಾತ್ರ ಕಲಿತದ್ದು ತಾಯಿಯಿಂದ. ಅವನು ಚಿಕ್ಕವನಿದ್ದಾಗ ಅತ್ತೆ ಕೆಲಸದಿಂದ ಬಂದ ಕೂಡಲೇ ಟೀವಿಯ ಬೆನ್ನು ಮುಟ್ಟುತ್ತಿದ್ದರಂತೆ. ಬಿಸಿಯಿದ್ದರೆ, ಓದುವುದು ಬಿಟ್ಟು ಟೀವಿ ನೋಡಿದ್ದಕ್ಕೆ ಎರಡು ಏಟು. ಇದನ್ನು ಮನೆತನದ ಹೆಮ್ಮೆ ಎನ್ನುವಂತೆ ಇಬ್ಬರೂ ಹೇಳಿಕೊಳ್ಳುತ್ತಾರೆ.

ನಾನು ನಕಲಿ ಹಲ್ಲು ಮಾಡುವ ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ. ಡಾಕ್ಟರುಗಳು ಕಳಿಸಿದ ಅಚ್ಚಿಗೆ ಪ್ಲಾಸ್ಟರ್ ಸುರಿದು, ಮೇಣದಲ್ಲಿ ಒಸಡು ತಿದ್ದಿ, ಒಂದೊಂದೇ ಹಲ್ಲು ಕೂರಿಸಬೇಕು. ಒಂಬತ್ತು ವರ್ಷವಾಯಿತು. ಕಷ್ಟದ ದವಡೆ ಬಂದರೆ ಲ್ಯಾಬಿನ ಮೇಡಂ ಬೇರೆ ಯಾರಿಗೂ ಕೊಡುವುದಿಲ್ಲ. ಆ ಮೇಜಿನ ಮುಂದೆ ಕೂತಾಗ ಮಾತ್ರ ನಾನೂ ಒಂದು ಮನುಷ್ಯಜೀವ ಅನಿಸುತ್ತದೆ. ಆ ಕೆಲಸ ನನ್ನ ಉಸಿರು. ಇದನ್ನು ಮನೆಯಲ್ಲಿ ಯಾರಿಗೂ ಹೇಳಿದವಳಲ್ಲ.

ಆ ಸೋಮವಾರ ಬೆಳಿಗ್ಗೆ ನೋಡಿದರೆ ಫೋನ್ ತಾನಾಗಿಯೇ ಅಪ್‌ಡೇಟ್ ಆಗಿ ಕೂತಿತ್ತು. ಹೊಸ ಬಣ್ಣ, ಹೊಸ ಅಕ್ಷರ. ಮಧ್ಯಾಹ್ನದ ಹೊತ್ತಿಗೆ ಬ್ಯಾಗಿನೊಳಗೇ ಬಿಸಿಯಾಗತೊಡಗಿತು. ಸಂಜೆ ಮನೆಗೆ ಬಂದಾಗ ಬ್ಯಾಟರಿ ಹನ್ನೊಂದು ಪರ್ಸೆಂಟ್.

"ಯಾರ ಹತ್ರ ಇಷ್ಟೊತ್ತು?" ಎಂದ ಗಂಡ.

"ಯಾರ ಹತ್ರಾನೂ ಇಲ್ಲ ರೀ. ಅಪ್‌ಡೇಟ್ ಆಗಿದೆ, ಅದಕ್ಕೇ."

"ಬಸ್ಸಲ್ಲೂ ಹಿಂಗೇ ಹೇಳ್ತಾರೆ, ಟಿಕೆಟ್ ಗಾಳಿಗೆ ಹಾರಿಹೋಯ್ತು ಅಂತ."

ಮಂಗಳವಾರವೂ ಅದೇ ಕಥೆ. ಬುಧವಾರ ಊಟದ ಬಿಡುವಿನಲ್ಲಿ ಮೊಬೈಲ್ ರಿಪೇರಿ ಅಂಗಡಿಗೆ ಓಡಿದೆ. ಅಂಗಡಿಯವನು ಕವರ್ ಕಳಚಿ ನೋಡಿ ನಕ್ಕ. "ಏನೂ ಆಗಿಲ್ಲ ಅಕ್ಕ. ಅಪ್‌ಡೇಟ್ ಆದ್ಮೇಲೆ ಒಳಗೊಳಗೇ ಫೋಟೋ, ಫೈಲು ಎಲ್ಲಾ ಮತ್ತೆ ಜೋಡಿಸ್ಕೊಳ್ಳುತ್ತೆ. ಮೂರು ನಾಲ್ಕು ದಿನ ಬಿಸಿ ಇರುತ್ತೆ, ಆಮೇಲೆ ತಾನೇ ತಣ್ಣಗಾಗುತ್ತೆ. ಸುಮ್ನೆ ಬಿಟ್ಬಿಡಿ."

ಸಂಜೆ ಗಂಡನಿಗೆ ಅದನ್ನೇ ಒಪ್ಪಿಸಿದೆ. ಅವನಿಗೆ ಅರ್ಥವಾಗಲಿ ಎಂದು ನನ್ನ ಕೆಲಸದ ಮಾತನ್ನೂ ಸೇರಿಸಿದೆ. "ಪ್ಲಾಸ್ಟರ್ ಕಲಸಿಟ್ರೆ ಗಟ್ಟಿಯಾಗೋವಾಗ ತಾನೇ ಬಿಸಿಯಾಗುತ್ತೆ. ಒಲೆ ಬೇಡ, ಬೆಂಕಿ ಬೇಡ. ಇದೂ ಹಂಗೇ."

"ಅದಕ್ಕೂ ನೀರು ಹಾಕಿದವರು ಒಬ್ರು ಇರ್ತಾರಲ್ಲ?" ಎಂದ. ಕಾಮಾಲೆ ಕಣ್ಣಿಗೆ ಕಾಣುವುದೆಲ್ಲ ಹಳದಿ.

ಅವನು ಸ್ನಾನಕ್ಕೆ ಹೋದಾಗ ಅತ್ತೆಯ ಬಳಿ ಕೂತೆ. ಅವರು ಬಟ್ಟೆ ಮಡಚುತ್ತಿದ್ದರು. "ಅತ್ತೆ, ಟೀವಿ ಬಿಸಿಯಿದ್ದಾಗೆಲ್ಲ ಇವರು ನೋಡಿರ್ತಿದ್ರಾ?"

ಅವರು ಒಮ್ಮೆ ಬಚ್ಚಲಿನ ಬಾಗಿಲ ಕಡೆ ನೋಡಿದರು. "ಒಂದ್ಸಲ ಕಿಟಕಿ ಬಿಸಿಲಿಗೆ ಕಾದಿತ್ತು ಕಣೆ. ಹೊಡೆದ್ಮೇಲೆ ಗೊತ್ತಾಯ್ತು."

"ಅವರಿಗೆ ಹೇಳಿದ್ರಾ?"

"ಹೇಳಿದ್ರೆ ಆಮೇಲೆ ಹೆದರ್ತಾನಾ?"

"ಈಗಾದ್ರೂ ಹೇಳಿ ಅತ್ತೆ. ನಿಮ್ಮ ದಮ್ಮಯ್ಯ."

"ಈ ವಯಸ್ಸಲ್ಲಿ ಮಗನ ಮುಂದೆ ತಪ್ಪು ಒಪ್ಕೊಳ್ಳಲಾ?" ಎಂದು ಅಂಗಿಯ ತೋಳು ಮಡಚಿದರು. ಆ ಅಂಗಿಯನ್ನು ಕಿತ್ತು ಹೊರಗೆಸೆಯಬೇಕು ಅನ್ನಿಸಿತು.

ಊಟಕ್ಕೆ ಕೂತಾಗ ಅವನು ಹೇಳಿದ, "ಇದು ಹಿಂಗೇ ಆದ್ರೆ ನಿನ್ನ ಲ್ಯಾಬೂ ಬೇಡ, ಏನೂ ಬೇಡ. ಮನೇಲಿರು."

ಒಂಬತ್ತು ವರ್ಷ ಹಲ್ಲು ಕಚ್ಚಿಕೊಂಡಿದ್ದೆ. ಆವತ್ತು ಆಗಲಿಲ್ಲ. ತಟ್ಟೆ ತಳ್ಳಿ ಎದ್ದುನಿಂತೆ. "ನಾಳೆ ಈ ಫೋನ್ ನಿಮ್ಮ ಜೇಬಲ್ಲೇ ಇರಲಿ. ನಾನು ಮುಟ್ಟಲ್ಲ. ಸಂಜೆಗೆ ಅದು ಬಿಸಿಯಾಗ್ಲಿಲ್ಲ ಅಂದ್ರೆ ನಾನಾಗೇ ಕೆಲಸ ಬಿಡ್ತೀನಿ. ಬಿಸಿಯಾದ್ರೆ ಇನ್ಮೇಲೆ ನೀವು ನನ್ನ ಫೋನ್ ಮುಟ್ಟಬಾರದು. ಅತ್ತೆ ಸಾಕ್ಷಿ."

"ಆಯ್ತು," ಎಂದು ಅವನು ಅನ್ನ ಕಲಸಿದ.

ಗುರುವಾರ ಬೆಳಿಗ್ಗೆ ಫೋನನ್ನು ನಾನೇ ಅವನ ಜೇಬಿಗೆ ಹಾಕಿದೆ. ಕೊಡುವ ಮುಂಚೆ ಒಮ್ಮೆ ಮುಟ್ಟಿ ನೋಡುವ ಬುದ್ಧಿ ಬರಲಿಲ್ಲ. ಮುಟ್ಟಿ ನೋಡುವುದು ನನ್ನ ಚಾಳಿಯಲ್ಲವಲ್ಲ. ಲ್ಯಾಬಿನಲ್ಲಿ ಆ ದಿನ ಒಂದು ಪೂರ್ತಿ ಸೆಟ್ಟಿನ ಮೇಲಿನ ಸಾಲು ಮುಗಿಸಿದೆ, ಕೆಳಗಿನದನ್ನು ಮೇಣದಲ್ಲಿ ಕೂರಿಸಿದೆ. ಕೈ ಎಂದಿಗಿಂತ ಹಗುರವಾಗಿತ್ತು. ಗೆದ್ದೇಬಿಟ್ಟೆ ಎಂದು ಹಾಡು ಬೇರೆ ಗುನುಗಿದೆ, ದಡ್ಡಿ.

ಬಸ್ಸಿನಲ್ಲಿ ಬರುವಾಗ ಬೆರಳು ಮಡಚಿ ಎಣಿಸಿದೆ. ಸೋಮ, ಮಂಗಳ, ಬುಧ. ಮೂರು ದಿನ ಆಗಲೇ ಮುಗಿದಿತ್ತು. ಮೂರು ನಾಲ್ಕು ದಿನ ಅಂದಿದ್ದನಲ್ಲವೇ ಅಂಗಡಿಯವನು? ಅಂದರೆ ಇವತ್ತು ಅದು ತಣ್ಣಗಾಗುವ ದಿನ. ಸಿಟ್ಟಿನಲ್ಲಿ ಕೊಯ್ದುಕೊಂಡ ಮೂಗು ಮತ್ತೆ ಬಂದೀತೇ?

ಅವನು ನನಗಿಂತ ಮೊದಲೇ ಬಂದು ಕುರ್ಚಿಯಲ್ಲಿ ಕೂತಿದ್ದ. ಫೋನನ್ನು ನನ್ನ ಅಂಗೈ ಮೇಲಿಟ್ಟ. ಕಲ್ಲಿನಷ್ಟು ತಣ್ಣಗಿತ್ತು. ಬ್ಯಾಟರಿ ಎಂಬತ್ತೆರಡು.

"ನನ್ನ ಹತ್ರ ತಣ್ಣಗಿರುತ್ತೆ. ನಿನ್ನ ಹತ್ರ ಬಿಸಿಯಾಗುತ್ತೆ," ಎಂದ. ದನಿಯಲ್ಲಿ ಸಿಟ್ಟಿರಲಿಲ್ಲ, ಸಮಾಧಾನವಿತ್ತು. "ಹೋಗಲಿ ಬಿಡು. ಯಾರು ಅಂತ ನಾನು ಕೇಳಲ್ಲ. ಕ್ಷಮಿಸಿದೀನಿ."

ಮಾಡದ ತಪ್ಪಿಗೆ ಕ್ಷಮೆ ಸಿಕ್ಕಿದಾಗ ಏನು ಹೇಳಬೇಕೋ ನನಗೆ ತಿಳಿಯದು. "ಇವತ್ತಿಗೆ ನಾಲ್ಕನೇ ದಿನ ರೀ, ಅದಕ್ಕೇ ತಣ್ಣಗಾಗಿದೆ," ಎಂದೆ. ನನ್ನ ಕಿವಿಗೇ ಅದು ಟಿಕೆಟ್ ಗಾಳಿಗೆ ಹಾರಿದ ಕಥೆಯ ಹಾಗೆ ಕೇಳಿಸಿತು. ಅತ್ತೆಯ ಮುಖ ನೋಡಿದೆ. ಅವರು ನೀರು ಕುಡಿಯಲು ಒಳಗೆ ಹೋದರು.

"ಮಾತು ಕೊಟ್ಟವಳು ನೀನೇ. ನೀನೇ ಫೋನ್ ಮಾಡಿ ಹೇಳು," ಎಂದ ಗಂಡ.

ಮೇಡಂಗೆ ಫೋನ್ ಮಾಡಿದೆ. ಅವರು ಮೊದಲು ನಂಬಲಿಲ್ಲ, ಆಮೇಲೆ ಬೈದರು, ಆಮೇಲೆ ಅತ್ತರು. ಕೆಳಗಿನ ಸಾಲು ಇನ್ನೂ ಮೇಣದಲ್ಲಿದೆ, ಎಡಗಡೆಯ ದವಡೆ ಹಲ್ಲು ಕೂದಲೆಳೆಯಷ್ಟು ಎತ್ತರವಿದೆ, ತಗ್ಗಿಸಲು ಹೇಳಿ ಎಂದೆ. ಯಾರು ತಗ್ಗಿಸ್ತಾರೆ ಎಂದು ಅವರು ಕೇಳಿದರು. ಯಾರಿಗೆ ಯಾವ ಕೆಲಸ ಒಪ್ಪಿಸಬೇಕು, ಮೇಣ ತಿದ್ದುವ ನನ್ನ ಚೂರಿಗಳು ಯಾವ ಡಬ್ಬದಲ್ಲಿವೆ, ಒಂದೊಂದಾಗಿ ಹೇಳುತ್ತಾ ಹೋದೆ. ಮುಗಿಸುವ ಮನಸ್ಸೇ ಬರಲಿಲ್ಲ. ಮುಕ್ಕಾಲು ಗಂಟೆ ಮಾತಾಡಿರಬೇಕು.

ಕೊನೆಗೆ ಫೋನಿಟ್ಟೆ. ಅವನು ಅದನ್ನೆತ್ತಿ ಬೆನ್ನು ಮುಟ್ಟಿ, ತಾಯಿಯನ್ನು ಕರೆದು ತೋರಿಸಿದ.

"ನೋಡಮ್ಮ, ಮಾತಾಡಿದ್ರೆ ಹೆಂಗೆ ಬಿಸಿಯಾಗುತ್ತೆ."