ಏಳೂವರೆ ಗಂಟೆಯ ಇಂಟರ್‌ನೆಟ್

2008ನೇ ಇಸವಿ ಆಗಸ್ಟ್ 17, ಭಾನುವಾರ, ಸಂಜೆ 7 ಗಂಟೆ 38 ನಿಮಿಷ. ಬ್ಯಾಡರಹಳ್ಳಿಯ ದೊಡ್ಡಣ್ಣನವರ ಮನೆಯ ಮಹಡಿಯಲ್ಲಿ, ಕಂಪ್ಯೂಟರ್ ಪರದೆಯ ಮೇಲೆ, ಒಬ್ಬ ತಾಯಿಯ ಕೈ ಗಾಳಿಯಲ್ಲೇ ನಿಂತುಹೋಯಿತು.

ಆ ತಾಯಿ ಇದ್ದದ್ದು ಆಫ್ರಿಕಾದ ಟಾಂಜಾನಿಯಾ ದೇಶದ ಮೋಶಿ ಎಂಬ ಊರಿನಲ್ಲಿ. ಹುಟ್ಟಿನಿಂದ ಕಿವಿ ಕೇಳಿಸದು, ಮಾತು ಬಾರದು, ಅಕ್ಷರವೆಂದರೆ ಸಹಿಯಷ್ಟೇ. ಅವಳು ಮಾತಾಡುವುದೆಲ್ಲ ಎರಡು ಕೈಗಳಿಂದ. ಮಗಳು ನೀಮಾ ಫಾರ್ಮಸಿ ಓದಲು ಬೆಂಗಳೂರಿಗೆ ಬಂದು, ಈ ಮಹಡಿಯ ಕೋಣೆಯಲ್ಲಿ ಬಾಡಿಗೆಗಿದ್ದು ಎರಡು ವರ್ಷವಾಗಿತ್ತು; ಕನ್ನಡವನ್ನೂ ಕಲಿತಿದ್ದಳು. ಫೋನಿನಲ್ಲಿ ಈ ತಾಯಿ ಮಗಳು ಏನು ತಾನೇ ಮಾತಾಡಿಯಾರು? ಅದಕ್ಕೇ ಪ್ರತಿ ಭಾನುವಾರ ಅಲ್ಲಿಯ ಸಂಜೆ ಐದು ಗಂಟೆಗೆ ತಾಯಿ ತನ್ನ ತಮ್ಮನ ಅಂಗಡಿಗೆ ಬಂದು ಕ್ಯಾಮೆರಾದ ಮುಂದೆ ಕೂರುತ್ತಿದ್ದಳು. ಅಂಗಡಿಯ ಕಂಪ್ಯೂಟರ್ ಅವಳಿಗೆ ಸಿಗುತ್ತಿದ್ದದ್ದು ಆ ಹೊತ್ತಿಗೆ ಮಾತ್ರ; ಇಲ್ಲಿ ಆಗ ಏಳೂವರೆ.

ಮನೆಯೊಡತಿ ಪಾಪಮ್ಮ ರೊಟ್ಟಿಯ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದರು. ತಾಯಿ ಒಂದು ಕೈಯನ್ನು ಹೊಟ್ಟೆಯ ಮೇಲಿಟ್ಟು, ಇನ್ನೊಂದನ್ನು ಬೇಡವೆನ್ನುವಂತೆ ಮೇಲೆತ್ತಿದ್ದು ಅವರಿಗೂ ಕಂಡಿತು. ಅಲ್ಲಿಗೆ ಚಿತ್ರ ಕಲ್ಲಾಯಿತು. ನೀಮಾ ಕಾದಳು, ಮತ್ತೆ ಕರೆದಳು, ಪರದೆಯನ್ನು ಬೆರಳಿನಿಂದ ತಟ್ಟಿದಳು. ಏನೂ ಆಗಲಿಲ್ಲ.

"ಏನಂದ್ರಮ್ಮ ನಿಮ್ಮಮ್ಮ?"

"ಗೊತ್ತಿಲ್ಲ ಆಂಟಿ. ಒಂದನೇ ತಾರೀಕು ಸೋಮವಾರ ಹೊಟ್ಟೆ ಆಪರೇಷನ್. ಮಾವ ಹೇಳ್ತಾರೆ, ಅಮ್ಮ ಒಪ್ಪಿದ್ದಾರೆ ಅಂತ. ಮಾವನಿಗೆ ಅಮ್ಮನ ಕೈ ಅರ್ಧ ಮಾತ್ರ ಅರ್ಥ ಆಗತ್ತೆ. ಮನೇಲಿ ಪೂರ್ತಿ ಬರೋದು ನನಗೊಬ್ಬಳಿಗೇ."

ಆ ರಾತ್ರಿ ಪಾಪಮ್ಮನಿಗೆ ಊಟ ಸೇರಲಿಲ್ಲ. ಏಕೆಂದರೆ ಆ ಇಂಟರ್‌ನೆಟ್ ಹಾಕಿಸಿಕೊಟ್ಟವರು ಅವರೇ. ಅಲ್ಲಿಯವರೆಗೆ ಹೋಗುತ್ತಿದ್ದ ಸೈಬರ್ ಕೆಫೆ ಮುಚ್ಚಿಹೋದಾಗ, ಮನೆಗೇ ಹಾಕಿಸಲು ನೀಮಾ ಎರಡು ಮೂರು ಕಡೆ ವಿಚಾರಿಸಿ ನೋಡುತ್ತೇನೆ ಎಂದಿದ್ದಳು. "ಯಾಕಮ್ಮ ಅಲೀತೀಯ? ನಮ್ಮ ತಂಗಿ ಮಗ ಚನ್ನಕೇಶವ ಇಲ್ವಾ? ಬೀದಿಗೆಲ್ಲ ಟೀವಿ ಕೇಬಲ್ ಅವನದೇ. ಈಗ ಇಂಟರ್‌ನೆಟ್ಟೂ ಕೊಡ್ತಾನೆ" ಎಂದು ಹೇಳಿ, ಪಂಚಾಂಗ ಕೇಳಿ ತಿಳಿದು, ಹಿಂದಿನ ಗುರುವಾರ ರಾಹುಕಾಲಕ್ಕೆ ಮುಂಚೆ ಬೆಳಿಗ್ಗೆ ಹನ್ನೊಂದಕ್ಕೆ ತಂತಿ ಎಳೆಸಿದ್ದರು. ಮೋಡೆಮ್ಮಿಗೆ ಕುಂಕುಮವಿಟ್ಟು ಕೈಮುಗಿದೂ ಇದ್ದರು.

ಸೋಮವಾರ ಫೋನ್ ಮಾಡಿ ಕೇಶವನನ್ನು ಬೈದರು. ಅವನು ಮರುದಿನ ಬೆಳಿಗ್ಗೆ ಹತ್ತೂವರೆಗೆ ಬಂದ. ವಿಡಿಯೋ ಹಾಕಿ ತೋರಿಸಿದ, ನೀರಿನಂತೆ ಹರಿಯಿತು.

"ನೋಡಿ ದೊಡ್ಡಮ್ಮ, ಎಲ್ಲಿದೆ ಪ್ರಾಬ್ಲಮ್ಮು? ಆಫ್ರಿಕಾ ಕಡೆ ಸರಿ ಇರಲ್ಲ, ಅಷ್ಟೆ."

ಪಾಪಮ್ಮನಿಗೆ ಜೀವ ಬಂದಂತಾಯಿತು. ತಂಗಿ ಮಗ ತಪ್ಪಿತಸ್ಥನಲ್ಲ. ಆದರೆ ಅಂದು ಸಂಜೆ ನೀಮಾ ಅದೇ ವಿಡಿಯೋ ಹಾಕಿ ನೋಡಿದಾಗ ಮತ್ತೆ ಅದೇ ಕಥೆ. ಪಾಪಮ್ಮ ಹದಿನೇಳು ಮೆಟ್ಟಿಲು ಹತ್ತಿದರು, ಇಳಿದರು, ಮತ್ತೆ ಹತ್ತಿದರು.

"ಏನಾತ್ರೀ ಪಾಪಮ್ಮಾರ, ಮ್ಯಾಲ ಕೆಳಗ ಓಡಾಡಾಕತ್ತೀರಿ?" ಪಕ್ಕದ ಮನೆಯ ಕಾಂಪೌಂಡಿನಿಂದ ವಿಜಯಶ್ರೀ ಕೇಳಿದರು. ಗದಗ ಕಡೆಯವರು. ನೀಮಾಳ ಕಾಲೇಜಿನಲ್ಲೇ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುತ್ತಿದ್ದರು. ಭಾನುವಾರ ಆ ಲ್ಯಾಬಿಗೆ ಬೀಗ. ಅವರ ಮನೆಯಲ್ಲಿ ಇಂಟರ್‌ನೆಟ್ ಇರಲಿಲ್ಲ.

"ಏನ್ ಹೇಳ್ಲಮ್ಮ. ಬೆಳಿಗ್ಗೆ ಕುದುರೆ, ಸಾಯಂಕಾಲ ಕತ್ತೆ. ಒಳ್ಳೆ ಟೈಮ್ ನೋಡೇ ಹನ್ನೊಂದಕ್ಕೆ ಹಾಕ್ಸಿದ್ದು. ರಾಹುಕಾಲ ಇರ್ಲಿಲ್ಲ."

"ರಾಹುಕಾಲ ತಪ್ಪಿಸಿದ್ರಿ, ಖರೇ. ಮಂದಿ ಎಲ್ಲಾ ಮನಿಗೆ ಬರೋ ಕಾಲಾ ನೋಡಿದ್ರೇನು?"

"ಅದ್ಯಾಕೆ ನೋಡ್ಬೇಕು?"

"ಆ ಹುಡುಗಿಗೆ ಇಂಟರ್‌ನೆಟ್ ಬೇಕಾಗೋದು ಎಷ್ಟಕ್ಕ? ಏಳೂವರಿಗೆ. ನೀವು ಪರೀಕ್ಷಾ ಮಾಡಿದ್ದು ಹನ್ನೊಂದಕ್ಕ. ಮಧ್ಯಾಹ್ನದ ಅನ್ನದ ರುಚಿ ನೋಡಿ ರಾತ್ರಿ ಸಾರು ಚಲೋ ಐತಿ ಅಂದಂಗಾತು."

ಪಾಪಮ್ಮನಿಗೆ ಸಿಟ್ಟು ಬಂತು. "ನಮ್ಮ ಹುಡುಗ ಮೋಸ ಮಾಡೋನಲ್ಲ ಕಣಮ್ಮ."

"ಮೋಸ ಅಂತ ನಾ ಅಂದೆನೇನ್ರಿ? ನನ್ನ ಮಾತು ನಂಬಬ್ಯಾಡ್ರಿ, ಅವನ ಮಾತೂ ನಂಬಬ್ಯಾಡ್ರಿ. ಅಳದು ನೋಡ್ರಿ."

ವಿಜಯಶ್ರೀ ಮೇಲೆ ಬಂದು ನೀಮಾಳ ಕಂಪ್ಯೂಟರಿನಲ್ಲಿ ವೇಗ ಅಳೆಯುವ ಒಂದು ಪುಟ ತೆರೆದರು. ಎರಡು ಸಂಖ್ಯೆಗಳು ಬಂದವು. ಮೊದಲನೆಯದು ಹೊರಗಿನಿಂದ ಮನೆಗೆ ಬರುವ ವೇಗ, ಎರಡನೆಯದು ಮನೆಯಿಂದ ಹೊರಗೆ ಹೋಗುವ ವೇಗ. "ಮಂದಿ ಮೊದಲನೇದಷ್ಟೇ ನೋಡ್ತಾರ. ಈಕಿ ಕೈ ಅಲ್ಲಿಗೆ ಮುಟ್ಟಬೇಕಲ್ಲ, ಎರಡನೇದನ್ನೂ ಬರೀರಿ."

ಪಾಪಮ್ಮನಿಗೆ ಅಕ್ಷರ ಬಾರದು. ಅಂಕಿ ಬರುತ್ತದೆ, ಇಪ್ಪತ್ತು ವರ್ಷ ಮನೆಮನೆಗೆ ಹಾಲು ಹಾಕಿ ಕಲಿತದ್ದು. ಕಿಲೋಬಿಟ್ ಎಂದರೇನು ಎಂದು ಅವರು ಕೇಳಲೂ ಇಲ್ಲ. ಸೆಕೆಂಡಿಗೆ ಎಷ್ಟು ಹೋಗುತ್ತದೆ ಎಂಬ ಅಳತೆ, ಸಂಖ್ಯೆ ದೊಡ್ಡದಾದಷ್ಟೂ ಒಳ್ಳೆಯದು ಎಂದಷ್ಟೇ ತಿಳಿದುಕೊಂಡು, ಹಳೆಯ ಕ್ಯಾಲೆಂಡರ್ ಹಾಳೆಯ ಬೆನ್ನಿಗೆ ಪೆನ್ಸಿಲಿನಲ್ಲಿ ಬರೆಯಲು ತೊಡಗಿದರು. ನೀಮಾ ಕಾಲೇಜಿಗೆ ಹೋದಾಗ ಒತ್ತಬೇಕಾದ ಗುಂಡಿಯನ್ನು ಅವಳಿಂದ ಕೇಳಿ ತಿಳಿದು ತಾವೇ ಒತ್ತಿದರು. ಹೊರಗೆ ಹೋಗುವ ವೇಗ ಕೇಶವ ಹೇಳಿದ್ದು 256. ಬೆಳಿಗ್ಗೆ ಹನ್ನೊಂದಕ್ಕೆ 238. ಮಧ್ಯಾಹ್ನ ಮೂರಕ್ಕೆ 196. ಸಂಜೆ ಏಳೂವರೆಗೆ 19; ಬರುವ ವೇಗವೂ ಹಾಗೇ ಬಿದ್ದಿತ್ತು.

ಮೊದಲ ದಿನ ಪಾಪಮ್ಮ ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು. ಎರಡನೆಯ ದಿನ 23. ಮೂರನೆಯ ದಿನ 17. ಬರೆದದ್ದು ತಮ್ಮದೇ ಕೈ, ಯಾರನ್ನು ಬೈಯುವುದು?

ಭಾನುವಾರ, ಆಗಸ್ಟ್ 24. ತಾಯಿಯ ಮುಖ ಒಂದೂವರೆ ನಿಮಿಷ ಕಂಡಿತು. ಹೊಟ್ಟೆಯ ಮೇಲೆ ಕೈ, ಮೇಲೆದ್ದ ಇನ್ನೊಂದು ಕೈ. ಮತ್ತೆ ಕಲ್ಲು. ನೀಮಾ ಅಳಲಿಲ್ಲ, ಮೇಜಿನ ಅಂಚನ್ನು ಉಗುರಿನಿಂದ ಕೆರೆಯುತ್ತ ಕೂತಳು. ಅದನ್ನು ನೋಡುವುದು ಪಾಪಮ್ಮನಿಗೆ ಅಳುವಿಗಿಂತ ಕಷ್ಟವಾಯಿತು.

ಮರುದಿನ ಕೇಶವನನ್ನು ಕರೆಸಿ ಹಾಳೆಯನ್ನು ಅವನ ಮುಂದಿಟ್ಟರು. ಅವನು ಸಂಜೆಯ ಅಂಕಿಗಳ ಮೇಲೆ ಬೆರಳಾಡಿಸಿದ.

"ದೊಡ್ಡಮ್ಮ, ಒಂದು ಲೈನ್ ತಗೊಂಡು ನಲವತ್ತು ಮನೆಗೆ ಹಂಚಿದ್ದೀನಿ. ಬೆಳಿಗ್ಗೆ ಯಾರೂ ಇರಲ್ಲ. ಸಾಯಂಕಾಲ ಎಲ್ರೂ ಕೂತ್ಕೋತಾರೆ."

"ಮೊದಲೇ ಹೇಳೋಕೆ ಏನಾಗಿತ್ತೋ ನಿಂಗೆ?"

"ನೀವು ಕೇಳ್ಲಿಲ್ವಲ್ಲ. ರಾಹುಕಾಲ ಎಷ್ಟೊತ್ತಿಗೆ ಅಂತ ಕೇಳಿದ್ರಿ, ಅಷ್ಟೆ."

ಮೂಲೆಯಲ್ಲಿ ಪೇಪರ್ ಓದುತ್ತಿದ್ದ ದೊಡ್ಡಣ್ಣ ನಕ್ಕುಬಿಟ್ಟರು. "ಕಾವೇರಿ ನೀರು ಬಿಟ್ಟಾಗ ಬೀದಿಯೋರೆಲ್ಲ ಒಟ್ಟಿಗೆ ಮೋಟರ್ ಹಾಕಿದ್ರೆ ನಮ್ಮ ನಲ್ಲಿಗೆ ಬರೋದು ಗಾಳಿನೇ. ಇದೂ ಹಂಗೇ ಅನ್ನು."

"ಹಂಗೇ ದೊಡ್ಡಪ್ಪ. ಮೇಲ್ ನೋಡೋರಿಗೆ, ಬೆಳಗಿನ ಹೊತ್ತು ಬಳಸೋರಿಗೆ ನಂದು ಚೆನ್ನಾಗೇ ಇದೆ. ಈ ಅಕ್ಕನ ಕೆಲಸಕ್ಕೆ ಆಗಲ್ಲ. ಬೇರೆ ಹಾಕ್ಸಿಕೊಳ್ಳಿ, ನಾನೇನೂ ಬೇಜಾರು ಮಾಡ್ಕೊಳಲ್ಲ."

ಇಷ್ಟು ದಿನ ಪಾಪಮ್ಮ ಹೆದರಿದ್ದದ್ದು ಇದಕ್ಕೇ, ತಂಗಿಯ ಮನೆಯೊಂದಿಗೆ ಮಾತು ಕೆಟ್ಟೀತು ಎಂದು. ಅದು ಇಷ್ಟು ಸಲೀಸಾಗಿ ಮುಗಿದದ್ದಕ್ಕೆ ಅವರಿಗೆ ಸ್ವಲ್ಪ ನಿರಾಸೆಯೂ ಆಯಿತು.

ಉಳಿದದ್ದು ಆರು ದಿನ. ವಿಜಯನಗರದ ಅಂಗಡಿಯೊಂದರಲ್ಲಿ ಕಂಪ್ಯೂಟರಿಗೆ ಸಿಕ್ಕಿಸುವ, ಮೊಬೈಲ್ ಸಿಗ್ನಲ್ಲಿನಿಂದ ಓಡುವ ಡೇಟಾ ಕಾರ್ಡ್ ಇದೆ, ಒಂದೇ ದಿನದಲ್ಲಿ ಕೊಡುತ್ತಾರೆ ಎಂದಾಗ ನೀಮಾ ಆಗಲೇ ಹೊರಟು ನಿಂತಳು. ವಿಜಯಶ್ರೀ ಅಂಗಡಿಯವನಿಗೆ ಫೋನಿನಲ್ಲಿ ಒಂದೇ ಪ್ರಶ್ನೆ ಕೇಳಿದರು: "ಬ್ಯಾಡರಹಳ್ಳಿಗೆ ತಂದು ಇವರ ರೂಮಿನಾಗ ಹಚ್ಚಿ ತೋರಿಸ್ತೀರೇನು?" ಅಂಗಡಿಯವನು, "ಮೇಡಂ, ಇಲ್ಲಿ ಅಂಗಡೀಲಿ ಸೂಪರ್ ಆಗಿ ಓಡ್ತಾ ಇದೆ" ಎಂದ. "ಆಕಿ ಅಂಗಡಿಯೊಳಗ ಇರೂದಿಲ್ಲಲ್ರಿ" ಎಂದು ವಿಜಯಶ್ರೀ ಫೋನಿಟ್ಟರು.

ಅದೇ ಬೀದಿಯ ಆರನೇ ಮನೆಯ ಏಕಾಂತಯ್ಯನವರು ಫೋನ್ ತಂತಿಯಲ್ಲಿ ಬರುವ ಬ್ರಾಡ್‌ಬ್ಯಾಂಡ್ ಹಾಕಿಸಿಕೊಂಡಿದ್ದರು. ಸೋಮವಾರವೇ ಸಂಜೆ ಏಳೂವರೆಗೆ ಮೂವರು ಹೆಂಗಸರೂ ಅವರ ಮನೆಗೆ ಹೋದರು. ನೀಮಾ ಪುಟ ತೆರೆದಳು, ಪಾಪಮ್ಮ ಪೆನ್ಸಿಲ್ ತೆಗೆದರು. ಹೊರಗೆ ಹೋಗುವ ವೇಗ 221.

"ಭಾನುವಾರ ಇಲ್ಲೇ ಬಂದು ಮಾತಾಡಮ್ಮ ಅಂತಿದ್ದೆ," ಎಂದರು ಏಕಾಂತಯ್ಯ. "ಆದ್ರೆ ಶನಿವಾರ ರಾತ್ರಿ ಊರಿಗೆ ಹೊರಟಿದೀನಿ, ಮನೆಗೆ ಬೀಗ."

ಮಂಗಳವಾರ ಆ ಕಂಪನಿಯವನು ಬಂದ. ವಿಜಯಶ್ರೀ ಅವನನ್ನು ಕೂರಿಸಿ ಕಾಫಿ ಕೊಡಿಸಿ ಪ್ರಶ್ನೆ ಕೇಳಿದರು. ತಿಂಗಳಿಗೆ ಎಷ್ಟು ಬಳಸಬಹುದು, ಮೀರಿದರೆ ಏನಾಗುತ್ತದೆ? ಕೆಟ್ಟರೆ ಯಾರಿಗೆ ಫೋನ್ ಮಾಡಬೇಕು, ಭಾನುವಾರ ಎತ್ತುತ್ತಾರೋ? ಓದು ಮುಗಿಸಿ ಊರಿಗೆ ಹೊರಟರೆ ಮೋಡೆಮ್ ಹಿಂದಕ್ಕೆ ತೆಗೆದುಕೊಳ್ಳುತ್ತೀರೋ? ಉತ್ತರಗಳನ್ನೆಲ್ಲ ಅರ್ಜಿಯ ಮೇಲೆಯೇ ಬರೆಸಿಕೊಂಡರು. ಕೊನೆಯಲ್ಲಿ ಅವನು ಕೇಳಿದ: "ಪಾಸ್‌ಪೋರ್ಟ್, ವೀಸಾ ಜೆರಾಕ್ಸ್ ಸರಿ ಇದೆ. ಮನೆ ಅಗ್ರಿಮೆಂಟ್ ಕೊಡಿ."

ಎಲ್ಲರೂ ದೊಡ್ಡಣ್ಣನ ಮುಖ ನೋಡಿದರು.

"ಅಗ್ರಿಮೆಂಟಾ? ಬಾಯಿ ಮಾತಲ್ಲಿ ಕೊಟ್ಟಿದ್ದು. ನಮ್ಮಲ್ಲಿ ಮಾತೇ ಅಗ್ರಿಮೆಂಟು."

"ನಿಮ್ಮ ಮಾತನ್ನ ಜೆರಾಕ್ಸ್ ಮಾಡ್ಸಿ ಕೊಡಿ, ಹಂಗಾದ್ರೆ," ಎಂದರು ಪಾಪಮ್ಮ. "ಎರಡು ವರ್ಷದಿಂದ ಬೇರೆ ದೇಶದ ಹುಡುಗಿ ನಮ್ಮನೇಲಿದೆ. ಇಲ್ಲೇ ಇದೀನಿ ಅಂತ ತೋರ್ಸೋಕೆ ಅದರ ಕೈಲಿ ಒಂದು ಕಾಗದ ಇಲ್ಲ. ಏಳಿ ಮೇಲಕ್ಕೆ!"

ದೊಡ್ಡಣ್ಣ ಚಪ್ಪಲಿ ಮೆಟ್ಟಿ ಛಾಪಾ ಕಾಗದಕ್ಕೆ ಹೊರಟರು. ಅದರಲ್ಲಿ ಒಂದು ದಿನ ಹೋಯಿತು. ಗುರುವಾರ ಯಾರೂ ಬರಲಿಲ್ಲ. ನೀಮಾ ಬೀದಿಯ ತುದಿಯವರೆಗೆ ಹೋಗಿ ನೋಡಿ ಬಂದಳು, ಆಮೇಲೆ ಪಾಪಮ್ಮ ಹೋಗಿ ಬಂದರು. ಶುಕ್ರವಾರ ಸಂಜೆ ಐದಕ್ಕೆ ತಂತಿ ಬಂತು. ಕೂಡಿಸುವವನು ಪರೀಕ್ಷೆ ಮಾಡಿ, "ಓಡ್ತಾ ಇದೆ, ಸೈನ್ ಹಾಕಿ" ಎಂದ.

"ಕೂತ್ಕೊಳಪ್ಪ," ಎಂದರು ಪಾಪಮ್ಮ. "ಕಾಫಿ ಕುಡಿ, ಬೇಕಾದ್ರೆ ಊಟಾನೂ ಮಾಡು. ಏಳೂವರೆಗೆ ಸೈನ್ ಹಾಕ್ತಾಳೆ."

ಅವನು ಎರಡು ಕಾಫಿ ಕುಡಿದ. ಏಳೂವರೆಗೆ ಅಳೆದ ಮೇಲೆ ನೀಮಾ ಸಹಿ ಹಾಕಿದಳು.

ಆಗಸ್ಟ್ 31, ಭಾನುವಾರ. ಪಾಪಮ್ಮ ಬಾಗಿಲಲ್ಲೇ ನಿಂತರು, ಕೂರಲು ಆಗಲಿಲ್ಲ. ತಾಯಿಯ ಕೈ ಹೊಟ್ಟೆಯ ಮೇಲೆ ಬಂತು. ಇನ್ನೊಂದು ಮೇಲೆದ್ದಿತು. ಕೈ ನಿಲ್ಲಲಿಲ್ಲ, ಮುಂದುವರಿಯಿತು, ತಿರುಗಿತು, ಬೆರಳುಗಳು ತೆರೆದು ಮುಚ್ಚಿದವು. ನೀಮಾ ಉತ್ತರಿಸಿದಳು. ಅಲ್ಲಿ ತಾಯಿ ತಲೆಯಾಡಿಸಿದಳು. ಮಗಳ ಕೈ ಅಲ್ಲಿಗೆ ಮುಟ್ಟಿತ್ತು.

ತುಂಬ ಹೊತ್ತಾದ ಮೇಲೆ ನೀಮಾ ತಿರುಗಿ ಹೇಳಿದಳು. "ಅಮ್ಮ ಆಪರೇಷನ್ ಬೇಡ ಅನ್ನಲಿಲ್ಲ ಆಂಟಿ. ಒಬ್ಬಳೇ ಆಸ್ಪತ್ರೇಲಿ ಇರೋಕೆ ಬೇಡ ಅಂದಿದ್ದು. ನೋವಾದ್ರೆ ಯಾರಿಗೆ ಹೇಳೋದು, ನನ್ನ ಕೈ ಯಾರಿಗೆ ಅರ್ಥ ಆಗತ್ತೆ ಅಂತ. ನಾನು ಓದಿದ ಊರಲ್ಲಿ ಕಿವಿ ಕೇಳದ ಮಕ್ಕಳ ಶಾಲೆ ಇದೆ. ಅಲ್ಲಿಯ ಟೀಚರಿಗೆ ಕೈ ಭಾಷೆ ಚೆನ್ನಾಗಿ ಬರತ್ತೆ, ಅವರು ನಾಳೆ ಬೆಳಿಗ್ಗೆಯಿಂದ ಜೊತೆಗಿರ್ತಾರೆ. ಮಾವ ಈಗಲೇ ಅವರಿಗೆ ಫೋನ್ ಮಾಡಿದ್ರು. ಆಪರೇಷನ್ನಿಗೆ ಅಮ್ಮ ಸಹಿ ಹಾಕ್ತಾರೆ."

ಪಾಪಮ್ಮ ಪರದೆಯ ಮುಂದೆ ಬಂದು ಎರಡೂ ಕೈ ಜೋಡಿಸಿದರು. ಮೋಶಿಯ ತಾಯಿಗೆ ಅದನ್ನು ಯಾರೂ ಅರ್ಥ ಮಾಡಿಸಬೇಕಾಗಲಿಲ್ಲ.

ಈಗ ಓದುತ್ತಿರುವ ನಿಮಗೆ ಒಂದು ಮಾತು. ನೀವು ಬೇರೆ ದೇಶದಿಂದ ಇಲ್ಲಿಗೆ ಬಂದವರಿರಲಿ, ಇಲ್ಲಿಂದ ಬೇರೆ ದೇಶಕ್ಕೆ ಹೊರಟವರಿರಲಿ, ಪರವೂರಿನಲ್ಲಿ ಇಂಟರ್‌ನೆಟ್ ಎಂದರೆ ನಿಮ್ಮವರ ಮುಖ. ಪರಿಚಯದವರು ಎಂದು ಹಾಕಿಸಿಕೊಳ್ಳಬೇಡಿ, ಬೇಗ ಸಿಗುತ್ತದೆ ಎಂದೂ ಹಾಕಿಸಿಕೊಳ್ಳಬೇಡಿ. ನಿಮಗೆ ಅದು ಬೇಕಾಗುವ ಗಂಟೆ ಯಾವುದೆಂದು ಮೊದಲು ತಿಳಿದುಕೊಳ್ಳಿ. ಅದೇ ಗಂಟೆಗೆ, ಅದೇ ಬೀದಿಯಲ್ಲಿ ಅದನ್ನು ಬಳಸುತ್ತಿರುವವರ ಮನೆಗೆ ಹೋಗಿ ಅಳೆದು ನೋಡಿ. ಬರುವ ವೇಗವನ್ನೂ, ಹೋಗುವ ವೇಗವನ್ನೂ. ಮಿತಿ ಎಷ್ಟು, ಬಿಡಿಸುವಾಗ ಷರತ್ತು ಏನು ಎಂದು ಬರೆಸಿಕೊಳ್ಳಿ. ವಿಳಾಸದ ಕಾಗದವನ್ನು ಮನೆ ಹಿಡಿದ ದಿನವೇ ಮಾಡಿಸಿ. ಮನೆ ಬಾಡಿಗೆಗೆ ಕೊಟ್ಟವರೇ, ನೀವೂ ಆ ಕಾಗದ ಕೊಡಲು ತಡಮಾಡಬೇಡಿ. ಮತ್ತೆ ಅಳತೆ ಮುಗಿಯುವವರೆಗೆ ಸಹಿ ಹಾಕಬೇಡಿ.

ಕರೆ ಮುಗಿದ ಮೇಲೆ, ಎಂಟು ಗಂಟೆ ಹತ್ತು ನಿಮಿಷಕ್ಕೆ, ಪಾಪಮ್ಮ ಗುಂಡಿ ಒತ್ತಿ ಕ್ಯಾಲೆಂಡರಿನ ಬೆನ್ನಿಗೆ ಕೊನೆಯ ಸಾಲು ಬರೆದರು. ಹೊರಗೆ ಹೋಗುವ ವೇಗ, ಸೆಕೆಂಡಿಗೆ 214 ಕಿಲೋಬಿಟ್.